ಹಳೆಯ ವಾದ್ಯ ಯಾಕೆ? – ಸಂಪಾದಕರ ಉತ್ತರ

ಹಳೆಯ ಸಂಗೀತವನ್ನು ಆ ಕಾಲದ ವಾದ್ಯಗಳಲ್ಲೇ ನುಡಿಸಲು ಹೊರಟ ಆಸ್ಟ್ರಿಯಾದ ವಾದ್ಯವೃಂದ ನಿರ್ದೇಶಕ ನಿಕೋಲಾಸ್ ಹಾರ್ನಾನ್‌ಕೂರ್ ಬಗ್ಗೆ ನಾವು ಪ್ರಕಟಿಸಿದ ಬರಹ ಓದಿ ಹೀಗೆ ಕೇಳಿದ್ದೀರಿ: ‘ಇಷ್ಟು ಒಳ್ಳೆಯ ವಾದ್ಯಗಳಿರುವಾಗ ಮುನ್ನೂರು ವರ್ಷ ಹಿಂದಿನದನ್ನು ಹುಡುಕಿಕೊಂಡು ಹೋಗುವುದು ಸುಮ್ನೆ ಹಟ ಅಲ್ವಾ? ಇವತ್ತಿನ ಪಿಟೀಲು ಸಿಕ್ಕಿದ್ದರೆ ಬಾಖ್ ಬೇಡ ಅನ್ನುತ್ತಿದ್ದರೇ?’

ಹದಿನೆಂಟನೇ ಶತಮಾನದ ಜರ್ಮನ್ ಸಂಗೀತ ರಚನೆಕಾರ ಬಾಖ್ ಬೇಡ ಅನ್ನುತ್ತಿರಲಿಲ್ಲವೇನೋ. ಆದರೆ ಆಗ ಅವರು ಬರೆಯುತ್ತಿದ್ದ ಸಂಗೀತವೇ ಬೇರೆ ಆಗಿರುತ್ತಿತ್ತು. ಬಾಖ್ ಕಾಲದ ಕೊಳಲು ಮರದ್ದು, ಅದರಲ್ಲಿ ತೂತು ಮುಚ್ಚಿ ತೆರೆಯುವ ಕೀಲಿ ಒಂದೇ. ಕೆಲವು ಸ್ವರ ತುಂಬಿ ಬರುತ್ತವೆ, ಕೆಲವು ಮುಸುಕು ಹೊದ್ದ ಹಾಗೆ. ಪಿಟೀಲಿಗೆ ಕುರಿಯ ಕರುಳಿನ ತಂತಿ, ನಾದ ಮೆತ್ತಗೆ. ಹಾಗಾಗಿ ಆ ಕೊಳಲು ಪಿಟೀಲುಗಳ ನಡುವೆಯೂ ಕೇಳುತ್ತದೆ. ಉಕ್ಕಿನ ತಂತಿಯ ಪಿಟೀಲುಗಳ ದೊಡ್ಡ ಗುಂಪು ಕೂರಿಸಿ ನೋಡಿ, ಕೊಳಲು ಮುಳುಗಿಹೋಗುತ್ತದೆ. ಹಾರ್ನಾನ್‌ಕೂರ್‌ಗೆ ಬೇಕಿದ್ದದ್ದು ದನಿಗಳ ಈ ಸಮತೂಕ.

ಅದಕ್ಕಾಗಿ ಅವರು ಕಾದದ್ದು ನೋಡಿ. 1952ರಲ್ಲಿ ವಿಯೆನ್ನಾ ಸಿಂಫನಿ ವಾದ್ಯವೃಂದದಲ್ಲಿ ಚೆಲ್ಲೋ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ನುಡಿಸುವ ಕೆಲಸ ಸಿಕ್ಕಿತು. ಮರುವರ್ಷ ಪಿಟೀಲು ವಾದಕಿ ಪತ್ನಿ ಆಲಿಸ್ ಮತ್ತು ಗೆಳೆಯರ ಜೊತೆ ‘ಕಾನ್ಸೆಂಟುಸ್ ಮ್ಯೂಸಿಕುಸ್’ ಎಂಬ ತಂಡ ಕಟ್ಟಿದರು. ಜನರ ಮುಂದೆ ಬಂದದ್ದು ಮಾತ್ರ 1957ರಲ್ಲಿ! ಅಲ್ಲಿಯವರೆಗೆ ಬರೀ ಅಭ್ಯಾಸ, ಹಳೆಯ ವಾದ್ಯಗಳ ಹುಡುಕಾಟ. ಸಂಬಳದ ಕೆಲಸ ಬಿಟ್ಟದ್ದು 1969ರಲ್ಲಿ. ಹದಿನಾರು ವರ್ಷ ಎರಡು ದೋಣಿಯಲ್ಲಿ ಕಾಲಿಟ್ಟು ನಡೆಸಿದ ಬದುಕು ಅದು. ಇದನ್ನು ಓದಿದಾಗಲೆಲ್ಲ ನನಗೆ ಆಲಿಸ್ ಮೇಲೆ ಗೌರವ ಇನ್ನೂ ಜಾಸ್ತಿಯಾಗುತ್ತದೆ. ಆ ತಂಡದ ಮೊದಲ ಪಿಟೀಲು ದಶಕಗಳ ಕಾಲ ಅವರದೇ.

1971ರಿಂದ ಆಮ್‌ಸ್ಟರ್‌ಡ್ಯಾಮ್‌ನ ಹಳೆಯ ಕೀಲಿಮಣೆ ವಾದ್ಯಗಳ ವಾದಕ ಗುಸ್ತಾವ್ ಲಿಯೋನ್‌ಹಾರ್ಟ್ ಜೊತೆ ಹಂಚಿಕೊಂಡು, ಬಾಖ್ ಚರ್ಚಿಗಾಗಿ ಬರೆದ ಸುಮಾರು 200 ಕ್ಯಾಂಟಾಟಾಗಳನ್ನು (ಹಾಡು, ವಾದ್ಯ ಎರಡೂ ಸೇರಿದ ಕೃತಿಗಳನ್ನು) ಧ್ವನಿಮುದ್ರಿಸಿದರು. ಮುಗಿಯಲು ಹದಿನೆಂಟು ವರ್ಷವೇ ಹಿಡಿಯಿತು. ಹೆಣ್ಣುದನಿಯ ಭಾಗಗಳನ್ನು ಹೆಚ್ಚಾಗಿ ಹುಡುಗರೇ ಹಾಡಿದರು. ಬಾಖ್ ಇದ್ದ ಲೈಪ್‌ಜಿಗ್‌ನ ಚರ್ಚುಗಳಲ್ಲಿ ಹಾಡುತ್ತಿದ್ದವರೂ ಹುಡುಗರು, ಗಂಡಸರೇ. ಅಲ್ಲಲ್ಲಿ ದನಿ ಒರಟು, ಶ್ರುತಿ ಸ್ವಲ್ಪ ಆಚೀಚೆ. ನನಗೂ ಮೊದಲು ಕಿರಿಕಿರಿಯಾಗಿತ್ತು. ಆಮೇಲೆ ಪ್ರತಿ ಮಾತೂ ಬಿಡಿಬಿಡಿಯಾಗಿ ಕೇಳಿಸತೊಡಗಿತು.

ಇನ್ನು ಹಟದ ಮಾತು. ಬರೀ ಹಟವಾಗಿದ್ದರೆ ಅವರು ಹೊಸ ವಾದ್ಯಗಳ ತಂಡಗಳ ಹತ್ತಿರವೂ ಸುಳಿಯುತ್ತಿರಲಿಲ್ಲ. ಆದರೆ ಬೀಥೋವನ್‌ನ ಒಂಬತ್ತೂ ಸಿಂಫನಿಗಳನ್ನು (ವಾದ್ಯವೃಂದದ ದೊಡ್ಡ ಕೃತಿಗಳನ್ನು) ಯುರೋಪಿನ ಒಂದು ಚೇಂಬರ್ ಆರ್ಕೆಸ್ಟ್ರಾ (ಚಿಕ್ಕ ವಾದ್ಯವೃಂದ) ಜೊತೆ ಮಾಡಿದಾಗ ತುತ್ತೂರಿ ಮಾತ್ರ ಹಳೆಯ ಬಗೆಯದು, ಉಳಿದವು ಇಂದಿನವೇ. 2001 ಮತ್ತು 2003ರಲ್ಲಿ ವಿಯೆನ್ನಾ ಫಿಲ್‌ಹಾರ್ಮೋನಿಕ್‌ನ ಹೊಸವರ್ಷದ ಸಂಗೀತ ಕಚೇರಿ ನಡೆಸಿದವರೂ ಅವರೇ.

2015ರ ಡಿಸೆಂಬರ್‌ನಲ್ಲಿ, 86 ತುಂಬುವ ಹೊತ್ತಿಗೆ, ದೇಹಕ್ಕೆ ಶಕ್ತಿ ಸಾಲದು ಎಂದು ಕೈಬರಹದ ಪತ್ರ ಬರೆದು ಕೇಳುಗರಿಂದ ಬೀಳ್ಕೊಂಡರು. ಮುಂದಿನ ಮಾರ್ಚ್‌ನಲ್ಲಿ ತೀರಿಕೊಂಡರು.

ಅವರು 1970ರಲ್ಲಿ ಧ್ವನಿಮುದ್ರಿಸಿದ ಬಾಖ್‌ನ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ (ಯೇಸುವಿನ ಕೊನೆಯ ದಿನಗಳ ಸಂಗೀತಕಥನ) ಒಮ್ಮೆ ಕೇಳಿ. ಮನಸ್ಸಿಗೆ ಹಿಡಿಸದಿದ್ದರೆ ಮತ್ತೆ ಬರೆಯಿರಿ, ಅದನ್ನೂ ಅಚ್ಚು ಹಾಕುತ್ತೇವೆ.