ಟ್ಯಾಬ್ ಕೊಡಿಸೋಣವೋ, ಟೀಚರ್ ಇಡೋಣವೋ?

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. 43 ಮಕ್ಕಳು, ಇಬ್ಬರೇ ಶಿಕ್ಷಕರು. ಹಳೆ ವಿದ್ಯಾರ್ಥಿಗಳು ಸೇರಿ 4 ಲಕ್ಷ ರೂಪಾಯಿ ಕೂಡಿಸಿದ್ದಾರೆ. ಬೆಂಗಳೂರಿನಲ್ಲಿರುವ ಹುಡುಗರು ಎಲ್ಲ ಮಕ್ಕಳಿಗೂ ಟ್ಯಾಬ್ ಕೊಡಿಸೋಣ, ಆಗ ನಮ್ಮ ಮಕ್ಕಳೂ ಪೇಟೆ ಮಕ್ಕಳಿಗೆ ಸಮ ಆಗ್ತಾರೆ ಅನ್ನುತ್ತಾರೆ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದರೆ ಎರಡು ಮೂರು ದಿನ ಬರುವುದಿಲ್ಲ. ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು. ಏನು ಮಾಡುವುದು?
– ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರೊಬ್ಬರು

ಉತ್ತರ: ಆ ಹುಡುಗರಿಗೆ ಮೊದಲು ನನ್ನ ನಮಸ್ಕಾರ ತಿಳಿಸಿ. ಓದಿದ ಶಾಲೆ ನೆನಪಿಟ್ಟುಕೊಂಡು ದುಡ್ಡು ಕೊಡುವವರು ಎಷ್ಟು ಜನ ಇದ್ದಾರೆ? ಆದರೆ ಟ್ಯಾಬ್ ಬೇಡ ಅಂತಲೇ ನಾನು ಹೇಳುತ್ತೇನೆ. ಯಾಕೆ ಅಂತಲೂ ಹೇಳುತ್ತೇನೆ, ಅವರಿಗೆ ಓದಿ ಹೇಳಿ.

ದಕ್ಷಿಣ ಅಮೆರಿಕದ ಪೆರು ನಮ್ಮಂತೆಯೇ ಗುಡ್ಡಗಾಡು ಇರುವ ದೇಶ. ಅಲ್ಲಿನ ಸರ್ಕಾರ 'ಮಗುವಿಗೊಂದು ಲ್ಯಾಪ್‌ಟಾಪ್' ಯೋಜನೆಯಲ್ಲಿ 8 ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಿತು. ಆಮೇಲೆ 319 ಹಳ್ಳಿ ಶಾಲೆಗಳನ್ನು ಹೋಲಿಸಿ ನೋಡಿದರು. 2012ರಲ್ಲಿ ಫಲಿತಾಂಶ ಬಂತು. ಗಣಿತದಲ್ಲೂ ಭಾಷೆಯಲ್ಲೂ ಲ್ಯಾಪ್‌ಟಾಪ್ ಸಿಕ್ಕ ಮಕ್ಕಳು ಸಿಗದವರಿಗಿಂತ ಮುಂದೆ ಹೋಗಿರಲಿಲ್ಲ. ಹೆಚ್ಚಿನ ಶಾಲೆಗಳಲ್ಲಿ ಇಂಟರ್‌ನೆಟ್ ಇರಲಿಲ್ಲ. ಅದನ್ನು ಪಾಠಕ್ಕೆ ಹೇಗೆ ಬಳಸಬೇಕು ಅಂತ ಮೇಷ್ಟರಿಗೂ ಸರಿಯಾಗಿ ಹೇಳಿಕೊಟ್ಟಿರಲಿಲ್ಲ.

ಅಷ್ಟು ದೂರ ಯಾಕೆ, ನಮ್ಮ ಹಾಸನಕ್ಕೇ ಬನ್ನಿ. ಸಾಲಗಾಮೆ ರಸ್ತೆಯ ಎಂಸಿಎಫ್ (ಉಪಗ್ರಹ ನಿಯಂತ್ರಣ ಕೇಂದ್ರ) ನೀವು ನೋಡಿಯೇ ಇರುತ್ತೀರಿ, 1982ರಿಂದ ಇಸ್ರೋ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. 2004ರ ಸೆಪ್ಟೆಂಬರ್‌ನಲ್ಲಿ ಪಾಠಕ್ಕೆಂದೇ ಎಜುಸ್ಯಾಟ್ ಅನ್ನುವ ಉಪಗ್ರಹ ಹಾರಿಸಿದರು. ಚಾಮರಾಜನಗರ ಜಿಲ್ಲೆಯ ನೂರಾರು ಶಾಲೆಗಳಿಗೆ ಡಿಶ್, ಟಿವಿ ಬಂದವು. ಆಕಾಶದ ಕೆಲಸ ಚೆನ್ನಾಗಿಯೇ ನಡೆಯಿತು, ಅದು ನಮ್ಮ ಹೆಮ್ಮೆ. ನೆಲದ ಮೇಲಿನದೇ ಕಷ್ಟ. ದೇಶಾದ್ಯಂತ ಈ ಕಾರ್ಯಕ್ರಮ ಹೇಗೆ ನಡೆಯಿತು ಅಂತ ಪರಿಶೀಲಿಸಿದ ಸಿಎಜಿ (ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಂಸ್ಥೆ), ಸಂಪರ್ಕ ಜಾಲಕ್ಕೂ ಪಾಠ ತಯಾರಿಕೆಗೂ ಯೋಜನೆ ಸರಿ ಇರಲಿಲ್ಲ, ನಿಭಾಯಿಸುವ ಗಟ್ಟಿ ವ್ಯವಸ್ಥೆಯೇ ಇರಲಿಲ್ಲ ಅಂತ 2013ರಲ್ಲಿ ಬರೆಯಿತು. ನಾನು ಪಾಠ ಮಾಡುತ್ತಿದ್ದ ಒಂದು ಶಾಲೆಗೂ ಕಂಪ್ಯೂಟರ್ ಬಂದಿತ್ತು. ಕೆಟ್ಟರೆ ಯಾರು ಹೊಣೆ ಅನ್ನುವ ಭಯಕ್ಕೆ ಕೋಣೆಗೆ ಬೀಗ ಬಿತ್ತು. ಮಕ್ಕಳು ಕಿಟಕಿಯಲ್ಲಿ ಇಣುಕಿ ನೋಡುತ್ತಿದ್ದರು. ಆ ಮುಖಗಳು ನನಗೆ ಇವತ್ತಿಗೂ ಮರೆತಿಲ್ಲ.

ಹಾಗಾದರೆ ತಂತ್ರಜ್ಞಾನವೇ ಬೇಡವಾ? ಬೇಕು. 2020ರಲ್ಲಿ ಕೊರೊನಾಗೆ ಶಾಲೆ ಮುಚ್ಚಿದಾಗ ಆಫ್ರಿಕಾದ ಬೋಟ್ಸ್‌ವಾನಾದಲ್ಲಿ ಸುಮಾರು 4,500 ಮನೆಗಳಲ್ಲಿ ಒಂದು ಪ್ರಯತ್ನ ಮಾಡಿದರು. ಕೆಲವು ಮನೆಗೆ ವಾರ ವಾರ ಲೆಕ್ಕದ ಮೆಸೇಜ್ ಮಾತ್ರ ಹೋಗುತ್ತಿತ್ತು. ಇನ್ನು ಕೆಲವು ಮನೆಗೆ ಮೆಸೇಜ್ ಜೊತೆ ಯಾರಾದರೂ ಫೋನ್ ಮಾಡಿ, ಮಗು ಮತ್ತು ಅಪ್ಪ ಅಮ್ಮನ ಜೊತೆ ಹದಿನೈದು ಇಪ್ಪತ್ತು ನಿಮಿಷ ಮಾತಾಡಿ ಲೆಕ್ಕ ಹೇಳಿಕೊಡುತ್ತಿದ್ದರು. ಬರೀ ಮೆಸೇಜ್‌ನಿಂದ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಫೋನ್ ಮಾಡಿದ ಮನೆಗಳಲ್ಲಿ ಮಕ್ಕಳು ನಿಜಕ್ಕೂ ಕಲಿತರು. ಅದಕ್ಕೆ ಬೇಕಾಗಿದ್ದು ಬಟನ್ ಫೋನ್ ಮತ್ತು ಆ ಕಡೆಯಿಂದ ಮಾತಾಡುವ ಒಬ್ಬ ಮನುಷ್ಯ, ಅಷ್ಟೇ.

ನಿಮ್ಮ ಶಾಲೆಯಲ್ಲಿ ಕೊರತೆ ಇರುವುದು ಆ ಮನುಷ್ಯನದೇ, ಅಲ್ವಾ? ಏಳು ತರಗತಿಗೆ ಇಬ್ಬರು ಎಷ್ಟು ಅಂತ ಓಡಾಡುತ್ತಾರೆ? ಮೇಷ್ಟರ ಹುದ್ದೆ ತುಂಬುವುದು ಸರ್ಕಾರದ ಕೆಲಸ, ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಡುತ್ತಲೇ ಇರಿ, ಬಿಡಬೇಡಿ. ಅಲ್ಲಿಯವರೆಗೆ ಊರಿನಲ್ಲೇ ಡಿಗ್ರಿ ಓದಿ ಮನೆಯಲ್ಲಿರುವ ಹೆಣ್ಣುಮಗಳೊಬ್ಬಳನ್ನು ಗೌರವ ಶಿಕ್ಷಕಿಯಾಗಿ ಇಟ್ಟುಕೊಳ್ಳಿ. ತಿಂಗಳಿಗೆ 8 ಸಾವಿರ ಕೊಟ್ಟರೂ ವರ್ಷದ ಹತ್ತು ತಿಂಗಳಿಗೆ 80 ಸಾವಿರ. ಮೂರು ವರ್ಷಕ್ಕೆ 2 ಲಕ್ಷ 40 ಸಾವಿರ ಆಗುತ್ತದೆ. ಉಳಿದಿದ್ದರಲ್ಲಿ ಒಂದು ದೊಡ್ಡ ಟಿವಿ, ಒಂದು ಯುಪಿಎಸ್ ತಗೊಳ್ಳಿ, ರಿಪೇರಿಗೆ ಅಂತ ಸ್ವಲ್ಪ ತೆಗೆದಿಡಿ. ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದೆಯಲ್ಲ, ಅದನ್ನು ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಪಾಠ ಬರುತ್ತದೆ. ಮೂಡಿಗೆರೆಗೆ ಹೋದಾಗ ಮೇಷ್ಟರು ಡೌನ್‌ಲೋಡ್ ಮಾಡಿಕೊಂಡು ಬಂದರೆ ಆಮೇಲೆ ನೆಟ್‌ವರ್ಕ್ ಇಲ್ಲದೆಯೂ ತೋರಿಸಬಹುದು.

ಇನ್ನೊಂದು ಮಾತು. ನಿಮ್ಮ ಪತ್ರದಲ್ಲಿ ತೋಟದ ಲೈನ್ ಮನೆ (ಕೂಲಿಯವರ ಸಾಲುಮನೆ) ಮಕ್ಕಳ ಬಗ್ಗೆ ಒಂದು ಸಾಲೂ ಇಲ್ಲ. ಕಾಫಿ ಕುಯ್ಲಿಗೆ ಅಸ್ಸಾಂ ಕಡೆಯಿಂದ ಬಂದವರ ಮಕ್ಕಳು ಆ 43ರಲ್ಲಿ ಇದ್ದಾರಾ? ಟಿಸಿ ಇಲ್ಲ, ವರ್ಷದ ನಡುವೆ ಬಂದರು ಅಂತ ಯಾರನ್ನೂ ಹೊರಗಿಡುವ ಹಾಗಿಲ್ಲ. 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದೆ ಬಿದ್ದಿದ್ದರೆ ವಿಶೇಷ ತರಬೇತಿ ಕೊಡಿ ಅನ್ನುತ್ತದೆ. ಕನ್ನಡವೇ ಬಾರದ ಮಗುವಿನ ಕೈಗೆ ಟ್ಯಾಬ್ ಕೊಟ್ಟರೆ ಏನು ಮಾಡುತ್ತದೆ? ಪಕ್ಕದಲ್ಲಿ ಕೂತು 'ಇದು ಮರ, ಇದು ಮಳೆ' ಅಂತ ಹೇಳುವವರು ಬೇಕು. ಗೌರವ ಶಿಕ್ಷಕಿಗೆ ಮೊದಲ ಕೆಲಸ ಅದನ್ನೇ ಕೊಡಿ.

ಪ್ರಶ್ನೆ: ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್. ಹಾಸನದಲ್ಲಿ ಕಾಲೇಜಿಗೆ ಹೋಗುವ ಮಗ ತಗೊಂಡು ಹೋಗುತ್ತಾನೆ. ಮಗಳು ಎಸ್‌ಎಸ್‌ಎಲ್‌ಸಿ. ಹುಡುಗಿಗೆ ಯಾಕೆ ಫೋನ್ ಅಂತಾರೆ ಮನೆಯವರು.
– ಒಬ್ಬ ತಾಯಿ, ಸಕಲೇಶಪುರ ತಾಲ್ಲೂಕು

ಉತ್ತರ: ಇದು ನಿಮ್ಮ ಮನೆಯೊಂದರ ಕಥೆ ಅಲ್ಲಮ್ಮ. ಹಳ್ಳಿ ಮಕ್ಕಳ ಕಲಿಕೆ ಹೇಗಿದೆ ಅಂತ ನೋಡುವ ಅಸರ್ ಸಮೀಕ್ಷೆ 2023ರಲ್ಲಿ ಹಳ್ಳಿಗಳ 14ರಿಂದ 18 ವಯಸ್ಸಿನವರನ್ನು ಕೇಳಿತ್ತು. ಸ್ಮಾರ್ಟ್‌ಫೋನ್ ಬಳಸಲು ಬರುವ ಹುಡುಗರಲ್ಲಿ 43.7% ಜನರಿಗೆ ಸ್ವಂತ ಫೋನ್ ಇತ್ತು. ಹುಡುಗಿಯರಲ್ಲಿ 19.8% ಮಾತ್ರ.

ಮನೆಯವರ ಜೊತೆ ಜಗಳ ಬೇಡ. ಮಗ ಸಂಜೆ ಬಂದ ಮೇಲೆ ಏಳರಿಂದ ಒಂಬತ್ತು ಫೋನ್ ತಂಗಿಯದು ಅಂತ ನೀವೇ ಹೇಳಿ. ಅಮ್ಮ ಹೇಳಿದರೆ ಕೇಳುತ್ತಾನೆ. ನಿಮ್ಮ ಪಂಚಾಯಿತಿಯ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಅನ್ನುತ್ತಾರೆ. 2020ರ ನವೆಂಬರ್‌ನಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡುತ್ತಾರೆ. ಹಲವು ಕಡೆ ಕಂಪ್ಯೂಟರ್ ಕೂಡ ಇದೆ. ಮಗಳು ಒಬ್ಬಳೇ ಹೋಗಲು ಹಿಂಜರಿದರೆ ಮೊದಲ ದಿನ ನೀವೇ ಕರೆದುಕೊಂಡು ಹೋಗಿ ಹೆಸರು ಬರೆಸಿ ಬನ್ನಿ. ಕ್ಲಾಸಿನ ಇಬ್ಬರು ಗೆಳತಿಯರನ್ನೂ ಜೊತೆಗೆ ಕರೆದುಕೊಳ್ಳಿ.