ಎದೆ ಢವಢವ ಅನ್ನುತ್ತೆ, ರಿಪೋರ್ಟ್ ಎಲ್ಲಾ ನಾರ್ಮಲ್. ಕೆಲಸ ಬಿಟ್ಟು ಊರಿಗೆ ಹೋಗಿ ಧ್ಯಾನ ಕಲಿತರೆ ನೆಮ್ಮದಿ ಸಿಗುತ್ತಾ?

ಕೆಲಸ ಬಿಡಬೇಡಿ. ಈ ಕಾರಣಕ್ಕಂತೂ ಬಿಡಲೇಬೇಡಿ.

ಇಸಿಜಿ, ಎಕೋ, ಟಿಎಂಟಿ, ಹೃದಯದ ಈ ಮೂರೂ ಪರೀಕ್ಷೆ ಸರಿಯಿದೆ ಅಂತ ಬರೆದಿದ್ದೀರಿ. ಆದರೂ ಮೆಟ್ರೋ ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ, ಕೈ ಜುಮ್ಮೆನ್ನುತ್ತದೆ, ಈಗಲೇ ಪ್ರಾಣ ಹೋಯಿತು ಅನ್ನಿಸುತ್ತದೆ, ಮುಂದಿನ ಸ್ಟೇಷನ್ನಿನಲ್ಲಿ ಇಳಿದ ಮೇಲೆ ಸರಿಹೋಗುತ್ತದೆ. ಈ ಕೊನೆಯ ಮಾತು ಓದಿ ನನಗೆ ಸುಮ್ಮನಿರಲು ಆಗಲಿಲ್ಲ.

ನನ್ನ ಮನೆ ಮೈಸೂರು, ಆಗ ಕೆಲಸ ಮಂಡ್ಯದಲ್ಲಿ, ಒಂದು ಬ್ಯಾಂಕಿನಲ್ಲಿ. ದಿನಾ ಬಸ್ಸಿನ ಓಡಾಟ. 2021ರ ಅಕ್ಟೋಬರ್ 29ಕ್ಕೆ ಪುನೀತ್ ರಾಜ್‌ಕುಮಾರ್ ಹೋದರಲ್ಲ, ಅದರ ನಂತರದ ದಿನಗಳು ನಿಮಗೂ ನೆನಪಿರಬೇಕು. ಬರೀ 46 ವರ್ಷ, ಅಷ್ಟು ಕಸರತ್ತು ಮಾಡಿದ ಮೈ. ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಜಯದೇವ ಆಸ್ಪತ್ರೆಗೆ ಎದೆ ತೋರಿಸಿಕೊಳ್ಳಲು ಜನ ಮುಗಿಬಿದ್ದರು. ನಮ್ಮ ಬ್ಯಾಂಕಿನಲ್ಲಿ ಊಟದ ಹೊತ್ತಿಗೆ ಬೇರೆ ಮಾತೇ ಇರಲಿಲ್ಲ. ಯಾರ ಭಾವನಿಗೆ ಸ್ಟೆಂಟ್ ಹಾಕಿದರು, ಯಾರ ಎದುರುಮನೆಯವರು ಮಲಗಿದ್ದವರು ಏಳಲೇ ಇಲ್ಲ, ಇದೇ. ನನಗೆ ನಲವತ್ತು ಹತ್ತಿರ ಬಂದಿತ್ತು. ನಮ್ಮಪ್ಪ ಹೋಗಿದ್ದೂ ಹಾರ್ಟ್ ಅಟ್ಯಾಕ್ ಆಗಿಯೇ.

ಆ ಚಳಿಗಾಲದ ಒಂದು ಬೆಳಗ್ಗೆ ಬಸ್ಸು ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಸೇತುವೆ ಮೇಲಿತ್ತು. ಯಾವ ಕಾರಣವೂ ಇಲ್ಲದೆ ಎದೆ ಒಮ್ಮೆಲೇ ಓಡತೊಡಗಿತು. ಉಸಿರು ಸಾಲದು ಅನ್ನಿಸಿತು. ತುಟಿ ಮರಗಟ್ಟಿತು, ಬೆರಳು ಜುಮ್ಮೆಂದವು, ಎದುರಿನ ಸೀಟಿನ ಕಂಬಿ ಹಿಡಿದ ಕೈ ಬೆವರಿ ಜಾರುತ್ತಿತ್ತು. ಕಂಡಕ್ಟರ್‌ಗೆ ಕೈ ತೋರಿಸಿ ಬಾಬುರಾಯನಕೊಪ್ಪಲಿನಲ್ಲಿ ಇಳಿದುಬಿಟ್ಟೆ. ಒಂದು ಗೂಡಂಗಡಿಯ ಕಟ್ಟೆ ಮೇಲೆ ಕುಸಿದು ಕೂತೆ. ಅಂಗಡಿಯ ಅಮ್ಮ ನಿಂಬೆ ಸೋಡಾ ಕೊಟ್ಟು, "ಪಿತ್ತ ಏರದೆ ಕಣಪ್ಪ, ವಟ್ಟೆಗೇನೂ ತಿಂದಿಲ್ವೇನೋ" ಅಂದರು. ಸೋಡಾ ಮುಗಿಯುವಷ್ಟರಲ್ಲಿ ಎಲ್ಲವೂ ಇಳಿದುಹೋಗಿತ್ತು.

ಅದೇ ದಿನ ಆಸ್ಪತ್ರೆಗೆ ಹೋದೆ. ಎಲ್ಲಾ ನಾರ್ಮಲ್. ಗ್ಯಾಸ್ಟ್ರಿಕ್ ಇರಬಹುದು ಅಂತ ಮಾತ್ರೆ ಬರೆದುಕೊಟ್ಟರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಆಸ್ಪತ್ರೆಗೆ ಹೋಗಿದ್ದು ತಪ್ಪಲ್ಲ. ಮೊದಲ ಸಲ ಎದೆಯಲ್ಲಿ ಏನೇ ಆದರೂ ಹೋಗಲೇಬೇಕು. ತಪ್ಪು ಅಂದರೆ, ಬಸ್ಸಿನಿಂದ ಇಳಿದದ್ದರಿಂದಲೇ ಬದುಕಿದೆ ಅಂತ ನಂಬಿದ್ದು. ರಿಪೋರ್ಟ್ ಸರಿ ಬಂದ ಮೇಲೂ ಅದನ್ನೇ ನಂಬಿಕೊಂಡಿದ್ದು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನೀವೂ ಇಲ್ಲೇ ಸಿಕ್ಕಿಕೊಂಡಿದ್ದೀರಿ. ಹೀಗೆ ಒಮ್ಮೆಲೇ ಏರಿ ಬರುವ ಗಾಬರಿಗೆ ಪ್ಯಾನಿಕ್ ಅಟ್ಯಾಕ್ ಅನ್ನುತ್ತಾರೆ. ಅದು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟುತ್ತದೆ. ಆಮೇಲೆ ತಾನಾಗಿಯೇ ಇಳಿಯುತ್ತದೆ. ಹೆದರಿಕೆಯ ರಸ ಮೈಯಲ್ಲಿ ಎಷ್ಟೊತ್ತು ಅಂತ ಹರಿದೀತು? ಆದರೆ ನಾವು ತುದಿ ಮುಟ್ಟಿದಾಗಲೇ ಬಸ್ಸಿನಿಂದ ಇಳಿಯುತ್ತೇವೆ. ಇಳಿಯುವುದಕ್ಕೂ ಹೆದರಿಕೆ ತಗ್ಗುವುದಕ್ಕೂ ಗಳಿಗೆ ಕೂಡಿಬರುತ್ತದೆ. ತಲೆ ಲೆಕ್ಕ ಹಾಕುತ್ತದೆ: ಇಳಿದೆ, ಉಳಿದೆ. ಬಸ್ಸಿನಲ್ಲೇ ಕೂತಿದ್ದರೂ ತಗ್ಗುತ್ತಿತ್ತು ಅನ್ನುವುದು ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ, ನಾವು ತೋರಿಸಲೇ ಇಲ್ಲವಲ್ಲ. ಮಾರನೇ ದಿನ ಅದು ಇನ್ನೂ ಬೇಗ ಎಚ್ಚರಿಸುತ್ತದೆ. ನನಗೆ ಮೊದಲು ಬಾಬುರಾಯನಕೊಪ್ಪಲು ಇದ್ದದ್ದು ಶ್ರೀರಂಗಪಟ್ಟಣವಾಯಿತು. ಆಮೇಲೆ ಮೈಸೂರಿನ ಬಸ್ ಸ್ಟ್ಯಾಂಡ್ ಬಿಡುವ ಮುಂಚೆಯೇ ಬೆವರು ಬರತೊಡಗಿತು. ಬಸ್ಸು ಬಿಟ್ಟು ರೈಲು ಹಿಡಿದೆ, ಬಾಗಿಲ ಹತ್ತಿರವೇ ನಿಲ್ಲುತ್ತಿದ್ದೆ. ಅದೂ ಆಗದೆ ಸಹೋದ್ಯೋಗಿಯ ಬೈಕಿನ ಹಿಂದೆ ಕೂತೆ. ಕೊನೆಗೆ ಬರಬೇಕಿದ್ದ ಪ್ರಮೋಷನ್ ಬೇಡ ಅಂತ ಬರೆದುಕೊಟ್ಟು ಮೈಸೂರಿಗೇ ವರ್ಗ ಮಾಡಿಸಿಕೊಂಡೆ.

ವರ್ಗ ಆದ ಮೇಲೆ ನೆಮ್ಮದಿ ಬಂತಾ? ಕೆಲವು ವಾರ ಬಂತು. ಆಮೇಲೆ ಆ ಹೆದರಿಕೆ ಕಟಿಂಗ್ ಶಾಪಿಗೆ ಬಂತು. ಕತ್ತಿನ ಸುತ್ತ ಬಟ್ಟೆ ಕಟ್ಟಿ ಕೂರಿಸಿದರೆ ಅರ್ಧಕ್ಕೆ ಎದ್ದು ಹೋಗುವ ಹಾಗಿಲ್ಲ ನೋಡಿ. ಮನೆಯಲ್ಲೇ ಹೆಂಡತಿ ಕೈಲಿ ಕೂದಲು ಕತ್ತರಿಸಿಕೊಳ್ಳತೊಡಗಿದೆ. ಮದುವೆಗೆ ಹೋದರೆ ಛತ್ರದ ಬಾಗಿಲ ಪಕ್ಕದ ಕುರ್ಚಿ. ನಾದಿನಿಯ ಮದುವೆ ಧಾರವಾಡದಲ್ಲಿ ಇತ್ತು, ರಾತ್ರಿಯಿಡೀ ರೈಲು. ಹೋಗಲಿಲ್ಲ. ಅತ್ತೆಯವರು ಅದನ್ನು ಇವತ್ತಿಗೂ ಮರೆತಿಲ್ಲ, ಮರೆಯಬೇಕು ಅಂತ ಕೇಳುವ ಹಕ್ಕೂ ನನಗಿಲ್ಲ.

ನೀವು ಕೇಳಿರುವ "ಕೆಲಸ ಬಿಟ್ಟು ಊರಿಗೆ ಹೋಗುವುದು" ಇದೇ ಸಾಲಿನಲ್ಲಿದೆ. ಅದು ಎಲ್ಲಕ್ಕಿಂತ ದೊಡ್ಡ ಇಳಿಯುವಿಕೆ. ಊರಿನಲ್ಲಿ ಮೆಟ್ರೋ ಇಲ್ಲ, ಸರಿ. ಆದರೆ ಹತ್ತಿರದಲ್ಲಿ ದೊಡ್ಡ ಆಸ್ಪತ್ರೆಯೂ ಇಲ್ಲ ಅಂತ ನಿಮ್ಮ ತಲೆ ಮೊದಲನೇ ರಾತ್ರಿಯೇ ಲೆಕ್ಕ ಹಾಕುತ್ತದೆ. ಮ್ಯಾನೇಜರ್ ಕಾಟ, ಸಂಬಳ, ಅಪ್ಪ ಅಮ್ಮ ಒಂಟಿ ಅನ್ನುವಂಥ ಬೇರೆ ಕಾರಣ ಇದ್ದರೆ ಅದು ಬೇರೆ ಮಾತು. ಈ ಹೆದರಿಕೆ ಹಿಡಿತಕ್ಕೆ ಬಂದ ಮೇಲೆ ಅದನ್ನು ಯೋಚಿಸಿ.

ಇಳಿಯುವುದು ಅಂದರೆ ಬರೀ ಬಸ್ಸಿನಿಂದ ಅಲ್ಲ, ಇದು ನನಗೆ ಬಹಳ ತಡವಾಗಿ ತಿಳಿಯಿತು. ಕೊರೊನಾ ಕಾಲದಲ್ಲಿ ತಂದ ಆಕ್ಸಿಮೀಟರ್ ನನ್ನ ದಿಂಬಿನ ಕೆಳಗೇ ಇರುತ್ತಿತ್ತು. ರಾತ್ರಿ ಹೆಂಡತಿಗೆ ಬೆಳಕು ಕಾಣಬಾರದು ಅಂತ ಹೊದಿಕೆಯೊಳಗೆ ಬೆರಳಿಗೆ ಸಿಕ್ಕಿಸಿಕೊಂಡು ಆ ಕೆಂಪು ಅಂಕಿ ನೋಡುತ್ತಿದ್ದೆ. 98 ಬಂದರೆ ಸಮಾಧಾನ, 96 ಬಂದರೆ ಇನ್ನೊಂದು ಬೆರಳು. ಜೇಬಿನಲ್ಲಿ ಮಾತ್ರೆ, ಕೈಯಲ್ಲಿ ನೀರಿನ ಬಾಟಲಿ, ಗಂಟೆಗೊಮ್ಮೆ ನಾಡಿ ಹಿಡಿದು ನೋಡುವುದು, "ನನ್ನ ಮುಖ ಬಿಳಿಚಿಕೊಂಡಿದೆಯೇನೇ?" ಅಂತ ಕೇಳುವುದು. ಪ್ರತಿಯೊಂದೂ ಒಂದೊಂದು ಸಣ್ಣ ಇಳಿಯುವಿಕೆ. ಪ್ರತಿ ಸಲವೂ ತಲೆಗೆ ಸಿಗುವ ಪಾಠ ಒಂದೇ: ಅಪಾಯ ಇತ್ತು, ಇದರಿಂದ ತಪ್ಪಿತು.

ಧ್ಯಾನದ ವಿಚಾರ ಕೇಳಿದ್ದೀರಿ. ನಾನೂ ಬೆಳಗ್ಗೆ ಪ್ರಾಣಾಯಾಮದ ಕ್ಲಾಸಿಗೆ ಸೇರಿದ್ದೆ. ಕಲಿಸುವವರು ಒಳ್ಳೆಯವರು. ಆದರೆ "ಉಸಿರನ್ನು ಗಮನಿಸಿ" ಅಂದಾಗ ನಾನು ಉಸಿರಿಗೆ ಕಾವಲು ಕೂರುತ್ತಿದ್ದೆ. ಸಾಕಷ್ಟು ಬರ್ತಿದೆಯಾ, ಎದೆ ಜಾಸ್ತಿ ಹೊಡೀತಿದೆಯಾ, ಶಾಂತಿ ಬಂತಾ? ಬರದಿದ್ದರೆ ಇನ್ನಷ್ಟು ಗಾಬರಿ. ಧ್ಯಾನದ ಮೇಲೆ ನನಗೆ ಯಾವ ದೂರೂ ಇಲ್ಲ, ಈಗಲೂ ಕೂರುತ್ತೇನೆ, ಹಿತವಾಗಿದೆ. ಹೆದರಿಕೆಯನ್ನು ಓಡಿಸುವುದಕ್ಕೆ ಅಂತಲೇ ಕೂತರೆ ಮಾತ್ರ ಅದೂ ಇನ್ನೊಂದು ಆಕ್ಸಿಮೀಟರ್. ನಿಮ್ಮ ಪ್ರಶ್ನೆಯಲ್ಲೇ ನನಗೆ ಒಪ್ಪಿಗೆಯಾಗದ್ದು ಇದು. ನೆಮ್ಮದಿ ಮೊದಲು ಬರಬೇಕು, ಆಮೇಲೆ ಬದುಕು ಶುರು ಮಾಡುತ್ತೇನೆ ಅಂತಿದ್ದೀರಿ. ನನಗೆ ಆದದ್ದು ತಿರುವುಮುರುವು. ಎದೆ ಹೊಡೆದುಕೊಳ್ಳುತ್ತಿರುವಾಗಲೇ ಬದುಕತೊಡಗಿದೆ, ನೆಮ್ಮದಿ ನಿಧಾನಕ್ಕೆ ಹಿಂದಿನಿಂದ ಬಂತು.

ದಾರಿ ತೋರಿಸಿದ್ದು ಹೆಂಡತಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಅಂತ ಒಂದು ಸಹಾಯವಾಣಿ ಇದೆ, 14416. 2022ರ ಅಕ್ಟೋಬರ್ 10ರಂದು ಶುರುವಾಯಿತು. ದುಡ್ಡಿಲ್ಲ, ಯಾವ ಹೊತ್ತಿಗಾದರೂ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ. ಅವಳೇ ಡಯಲ್ ಮಾಡಿ ಫೋನ್ ನನ್ನ ಕೈಗೆ ಕೊಟ್ಟಳು. ಮನೋವೈದ್ಯರನ್ನು ಕಾಣಿ ಅಂದರು. ಸರ್ಕಾರಿ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಪೂರ್ತಿ ಕೇಳಿ ಒಂದೇ ಮಾತು ಅಂದರು: "ಇಳಿದಿದ್ದಕ್ಕೆ ಕಡಿಮೆ ಆಯ್ತೋ, ಕಡಿಮೆ ಆಗೋ ಹೊತ್ತಿಗೆ ನೀವು ಇಳಿದ್ರೋ?" ನನಗೆ ಉತ್ತರ ಹೊಳೆಯಲಿಲ್ಲ.

ಆಮೇಲೆ ಒಂದು ತಂಪು ಪಾನೀಯದ ಸ್ಟ್ರಾ ಕೊಟ್ಟು, ಮೂಗು ಮುಚ್ಚಿಕೊಂಡು ಅದರಲ್ಲೇ ಉಸಿರಾಡಿ ಅಂದರು. ಒಂದು ನಿಮಿಷ ತುಂಬುವ ಮೊದಲೇ ಎದೆ ಬಿಗಿಯಿತು, ಅದೇ ಗಾಬರಿ. ಕಿತ್ತು ಬಿಸಾಡಬೇಕು ಅನ್ನಿಸಿತು. "ಇರಿ, ಇನ್ನು ಸ್ವಲ್ಪ" ಅಂದರು. ಮುಂದಿನ ಸಲ ತಿರುಗುವ ಕುರ್ಚಿಯಲ್ಲಿ ಗಿರಗಿರ ತಿರುಗಿಸಿದರು, ಆಸ್ಪತ್ರೆಯ ಮೆಟ್ಟಿಲು ಓಡಿ ಹತ್ತಿಸಿದರು. ಯಾವುದಕ್ಕೆ ಹೆದರುತ್ತೇವೋ ಆ ಮೈಯ ಭಾವನೆಯನ್ನೇ ಬೇಕಂತ ಕರೆಸಿಕೊಂಡು, ಏನೂ ಆಗುವುದಿಲ್ಲ ಅಂತ ಮೈಗೇ ತೋರಿಸುವುದು. ತುಟಿ ಮರಗಟ್ಟುವುದು ಯಾಕೆ ಅಂತಲೂ ಅವರೇ ಹೇಳಿದ್ದು. ಗಾಬರಿಯಲ್ಲಿ ಜಾಸ್ತಿ ಜಾಸ್ತಿ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ಅದರಿಂದಲೇ ಜುಮ್ಮು, ತಲೆ ತೇಲಿದ ಹಾಗೆ. ಉಸಿರು ಸಾಲದೆ ಅಲ್ಲ, ಹೆಚ್ಚಾಗಿ! ಮೈಯ ಸಾಮಾನ್ಯ ಬದಲಾವಣೆಯನ್ನು ಸಾವು ಅಂತ ತಪ್ಪಾಗಿ ಓದುವುದೇ ಇದರ ಬೇರು ಅಂತ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲೇ ಬರೆದಿದ್ದಾರಂತೆ. ಈ ಬಗೆಯ ಚಿಕಿತ್ಸೆಗೆ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಅನ್ನುತ್ತಾರೆ. ಆದರೆ ಸ್ಟ್ರಾ, ಕುರ್ಚಿ ಎಲ್ಲ ವೈದ್ಯರನ್ನು ಕೇಳದೆ ಮನೆಯಲ್ಲಿ ಮಾಡಬೇಡಿ. ಹೃದಯದ ಕಾಯಿಲೆ, ಆಸ್ತಮಾ, ಫಿಟ್ಸ್ ಇದ್ದವರಿಗೆ, ಬಸುರಿಯರಿಗೆ ಇದು ಅಲ್ಲ.

ಹೆದರಿಕೆ ತಗ್ಗಿಸುವ ಎಸ್ಸಿಟಾಲೊಪ್ರಾಮ್ ಮಾತ್ರೆಯನ್ನೂ ಕೊಟ್ಟರು. ಅದು ಕೆಲಸ ಮಾಡಲು ವಾರಗಳು ಬೇಕು, ಮೊದಲ ದಿನಗಳಲ್ಲಿ ತಳಮಳ ಹೆಚ್ಚೂ ಆಗಬಹುದು. ನಿಮಗೆ ಕೊಟ್ಟರೆ ನಾಚಬೇಡಿ, ನೀವಾಗಿಯೇ ನಿಲ್ಲಿಸಲೂಬೇಡಿ. ಕ್ಲೋನಾಜೆಪಾಮ್ ಅನ್ನುವ ಇನ್ನೊಂದು ಮಾತ್ರೆಯ ಬಗ್ಗೆ ಮಾತ್ರ ಹುಷಾರು. ತಕ್ಷಣ ಆರಾಮ ಅನ್ನಿಸುತ್ತದೆ, ಆದರೆ ಅಭ್ಯಾಸವಾಗಿ ಅಂಟಿಕೊಳ್ಳುತ್ತದೆ. ಜೇಬಿನಲ್ಲಿ ಅದರ ಸ್ಟ್ರಿಪ್ ಇಲ್ಲದೆ ಹೊರಗೆ ಹೋಗಲಾರದ ಸ್ಥಿತಿಗೆ ನಾನು ಬಂದಿದ್ದೆ.

ಬಸ್ಸು ಕೊನೆಗೆ. ಒಂದು ಭಾನುವಾರ ಮಂಡ್ಯದ ತನಕ ಟಿಕೆಟ್ ತಗೊಂಡೆ. ಕಿಟಕಿ ಪಕ್ಕದ ಸೀಟು, ನೀರಿಲ್ಲ, ಮಾತ್ರೆಯಿಲ್ಲ. ಸೇತುವೆ ಮೇಲೆ ಆ ಗಾಬರಿ ಬಂದೇ ಬಂತು. ಬಾಬುರಾಯನಕೊಪ್ಪಲು ಹೋಯಿತು, ನಾನು ಇಳಿಯಲಿಲ್ಲ. ನಾಡಿ ಹಿಡಿಯಬಾರದು ಅಂತ ಎರಡೂ ಕೈಯನ್ನು ತೊಡೆ ಕೆಳಗೆ ಇಟ್ಟುಕೊಂಡು ಕೂತೆ. ಬಾ, ಎಷ್ಟು ಬರ್ತೀಯೋ ಬಾ ಅಂತ ಮನಸ್ಸಿನಲ್ಲೇ ಅಂದೆ. ಇಂಡುವಾಳು ಬರುವ ಹೊತ್ತಿಗೆ ಅದು ಇರಲಿಲ್ಲ. ನಾನು ಏನೂ ಮಾಡಿರಲಿಲ್ಲ, ತಾನಾಗಿಯೇ ಹೋಗಿತ್ತು. ಅವತ್ತು ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ಅತ್ತುಬಿಟ್ಟೆ. ಆಮೇಲೂ ಬಂದಿದೆ, ಈಗಲೂ ಅಪರೂಪಕ್ಕೆ ಬರುತ್ತದೆ. ಬಂದರೆ ಬಂತು, ನನ್ನ ಪ್ರಯಾಣ ನಿಲ್ಲುವುದಿಲ್ಲ.

ನಿಮಗೆ ಹೇಳುವುದಿಷ್ಟು. ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿರದಿದ್ದರೆ ಒಮ್ಮೆ ನೋಡಿಸಿ, ಕಾಫಿ ಕಡಿಮೆ ಮಾಡಿ. ನಡೆದಾಗ, ಮೆಟ್ಟಿಲು ಹತ್ತಿದಾಗ ಎದೆ ನೋವು ಬಂದು ಕೂತರೆ ಹೋಗುವುದು, ನೋವು ತೋಳಿಗೋ ದವಡೆಗೋ ಹರಡುವುದು, ಎಚ್ಚರ ತಪ್ಪುವುದು, ಇವು ಬೇರೆ ಲಕ್ಷಣ. ಆಗ ತಡ ಮಾಡದೆ ಆಸ್ಪತ್ರೆಗೆ ಓಡಿ. ಅದಿಲ್ಲದಿದ್ದರೆ ಮತ್ತೊಂದು ಎಕೋ ಬೇಡ. ನೀವು ಬೆಂಗಳೂರಿನಲ್ಲೇ ಇದ್ದೀರಿ, ನಿಮ್ಹಾನ್ಸ್ ಇದೆ. ಹುಚ್ಚರ ಆಸ್ಪತ್ರೆ ಅಂತ ಹಿಂಜರಿಯುವ ಕಾಲ ಹೋಯಿತು.

ಹೋಗುವಾಗ ಮನೆಯವರಲ್ಲಿ ಒಬ್ಬರನ್ನು ಕರೆದುಕೊಂಡು ಹೋಗಿ, ಅವರೂ ಕಲಿಯುವುದು ಇದೆ. "ಏನೂ ಆಗಲ್ಲ ಬಿಡಿ" ಅಂತ ಸಾರಿ ಸಾರಿ ಸಮಾಧಾನ ಮಾಡುವುದನ್ನು ಅವರು ನಿಲ್ಲಿಸಬೇಕು. ನನ್ನ ಹೆಂಡತಿಗೆ ಅದೇ ಎಲ್ಲಕ್ಕಿಂತ ಕಷ್ಟವಾಗಿದ್ದು. ಈಗ ನಾನು ಎದೆ ಮುಟ್ಟಿಕೊಂಡು ಕೇಳಿದರೆ, "ನನಗೆ ಗೊತ್ತಿಲ್ಲಪ್ಪ, ಕಾದು ನೋಡೋಣ" ಅಂತ ಹೇಳಿ ತನ್ನ ಕೆಲಸ ಮುಂದುವರಿಸುತ್ತಾಳೆ.