ಸನ್ನತಿಗೆ ಒಂದು ದಿನ ಸಾಕಾ?
ಭೀಮಾ ನದಿ ದಂಡೆಯ ಹಳ್ಳಿ ಸನ್ನತಿಗೆ ಕಲಬುರಗಿಯಿಂದ ಬೆಳಗ್ಗೆ ಹೊರಟು ಸಂಜೆಗೆ ವಾಪಸ್ ಬರೋಕಾಗುತ್ತಾ ಅಂತ ಕೇಳಿದ್ರಲ್ಲ, ಸರ್, ಆರಾಮಾಗಿ ಆಗುತ್ತೆ. ರೈಲಿನಲ್ಲಾದ್ರೆ ನಾಲವಾರದಲ್ಲಿ ಇಳೀಬೇಕು. ಆದ್ರೆ ಸ್ವಂತ ಗಾಡಿಯೇ ವಾಸಿ.

ಮೊದಲು ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪಕ್ಕೇ ಹೋಗಿ, ಬಿಸಿಲೇರಿದ್ರೆ ಕಲ್ಲು ಕಾದ ಹಂಚು. ಇಂಡೋನೇಷ್ಯಾದ ಬೋರೋಬುದೂರಿನಂಥ ಎತ್ತರದ ಕಟ್ಟಡ ನಿರೀಕ್ಷಿಸಬೇಡಿ, ಸ್ತೂಪ ಕುಸಿದುಹೋಗಿದೆ. ಕೆತ್ತನೆಯ ಸುಣ್ಣಕಲ್ಲಿನ ಫಲಕಗಳೇ ಇಲ್ಲಿನ ಆಸ್ತಿ. ರಾಣಿ, ಪರಿಚಾರಿಕೆಯರ ಜೊತೆ ನಿಂತ ರಾಜನ ಶಿಲ್ಪವೊಂದು ಇಲ್ಲಿ ಸಿಕ್ಕಿದೆ. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೋ’, ಅಂದ್ರೆ ರಾಜ ಅಶೋಕ, ಅಂತಿದೆ. ಅಶೋಕನ ಹೆಸರು ಬರೆದ ಶಿಲ್ಪ, ಅದೂ ನಮ್ಮ ಭೀಮಾ ತೀರದಲ್ಲಿ!

ಆಮೇಲೆ ಸನ್ನತಿಯ ಚಂದ್ರಲಾಂಬಾ ಗುಡಿ. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಚಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನ ಅಂತ ಗೊತ್ತಾಯ್ತು. ನೀರು, ಬುತ್ತಿ ಮನೆಯಿಂದಲೇ ಒಯ್ಯಿರಿ.